ಗಾಜಿನ ಮನೆಗೆ ಬಂದ ಜೋಡಿ

ಭಾನುವಾರದ ಸಂಜೆ. ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಅಪ್ಪನ ಕೈ ಜಗ್ಗುತ್ತ ನಿಂತಿದ್ದಾನೆ ಏಳನೆಯ ತರಗತಿಯ ಹುಡುಗ. ಸಾಲಾಗಿ ಜೋಡಿಸಿಟ್ಟ ಗಾಜಿನ ತೊಟ್ಟಿಗಳಲ್ಲಿ ಒಂದರ ಮೇಲೆ ಅವನ ಕಣ್ಣು ನೆಟ್ಟಿದೆ. ಒಳಗೆ ಹೆಬ್ಬೆರಳಿನಷ್ಟೇ ಉದ್ದದ ಮೀನುಗಳು. ಅರಿಶಿನ ಬಣ್ಣದ ಮೈ, ಅದರ ತುಂಬ ನೀಲಿ ಚುಕ್ಕೆಗಳ ಮಿನುಗು, ಕೆಂಪು ಕಣ್ಣು, ಕಣ್ಣಿನ ಮೇಲೆ ಕಾಡಿಗೆ ತೀಡಿದಂತೆ ನೆಟ್ಟಗೆ ಇಳಿದ ಕಪ್ಪು ಗೆರೆ. ‘ಅಪ್ಪಾ, ಇದೇ ಬೇಕು!’ ಬೆಲೆ ಕೇಳಿ ಅಪ್ಪ ಕೊಂಚ ಹಿಂದೆಮುಂದೆ ನೋಡಿದರೂ, ಒಳ್ಳೆಯ ಅಂಕ ತೆಗೆದರೆ ಕೊಡಿಸುತ್ತೇನೆಂದು ಮಗನಿಗೆ ಕೊಟ್ಟ ಮಾತು ನೆನಪಾಗುತ್ತದೆ. ‘ಒಂದು ಜೋಡಿ ಕೊಡಪ್ಪ’ ಎನ್ನುತ್ತಾರೆ.

‘ಅಣ್ಣಾ, ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?’ ಹುಡುಗನ ಪ್ರಶ್ನೆ. ಅಂಗಡಿಯ ಕೆಲಸದವನು ಬಲೆಗೆ ಸಿಕ್ಕ ಎರಡನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಬಿಡುತ್ತ, ‘ದೊಡ್ಡದು ಗಂಡು, ಚಿಕ್ಕದು ಹೆಣ್ಣು ಅಂತ ಇಟ್ಕೊ ಮರಿ’ ಎಂದು ನಗುತ್ತಾನೆ.

ಅದೇ ರಾತ್ರಿ ಹೊಸ ತೊಟ್ಟಿಗೆ ನಲ್ಲಿ ನೀರು ತುಂಬಿಸಿ, ಬಣ್ಣದ ಕಲ್ಲು ಹರಡಿ, ಮೀನು ಬಿಟ್ಟದ್ದಾಯಿತು. ಮನೆಮಂದಿಯೆಲ್ಲ ಟಿ.ವಿ. ಮರೆತು ತೊಟ್ಟಿಯ ಮುಂದೆ ಕೂತರು. ಬುಧವಾರ ಒಂದು ಮೀನು ರೆಕ್ಕೆ ಮುದುರಿಕೊಂಡು ಮೂಲೆ ಸೇರಿತು. ಶುಕ್ರವಾರ ಇನ್ನೊಂದು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗಿತು. ಶನಿವಾರ ಬೆಳಿಗ್ಗೆ ಶಾಲೆಗೆ ಹೊರಟ ಹುಡುಗನ ಕಣ್ಣಲ್ಲಿ ನೀರು. ‘ನಾನು ಊಟ ಸರಿಯಾಗಿ ಹಾಕಲಿಲ್ಲವಾ ಅಮ್ಮಾ?’

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮೀನು ಸಾಕಲು ಹೊರಟ ಎಷ್ಟೋ ಮನೆಗಳ ಮೊದಲ ವಾರ ಹೀಗೆಯೇ ಮುಗಿಯುತ್ತದೆ. ತೊಟ್ಟಿ ಅಟ್ಟ ಸೇರುತ್ತದೆ. ‘ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ’ ಎಂಬ ತೀರ್ಮಾನವೂ ಆಗಿಬಿಡುತ್ತದೆ. ನಿಜವಾಗಿ ಅಲ್ಲಿ ಆದದ್ದೇನು? ಹುಡುಗ ಊಟ ಹಾಕುವುದರಲ್ಲಿ ತಪ್ಪಲಿಲ್ಲ. ಮೀನಿಗಿಂತ ಮೊದಲು ಸಿದ್ಧವಾಗಬೇಕಿದ್ದದ್ದು ನೀರು. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಅಷ್ಟೇ.

ಟಗರಲ್ಲ, ರಮಿರೆಜ್

ಹುಡುಗನ ಮನಸೂರೆಗೊಂಡ ಆ ಮೀನಿನ ಹೆಸರು ರ‍್ಯಾಮ್ ಸಿಕ್ಲಿಡ್. ಇಂಗ್ಲಿಷಿನಲ್ಲಿ ಟಗರಿಗೂ ಇದೇ ಹೆಸರಿದ್ದರೂ ಇವೆರಡಕ್ಕೂ ಸಂಬಂಧವಿಲ್ಲ. ಈ ಮೀನನ್ನು ಹಿಡಿದು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಒಬ್ಬರಾದ ಮ್ಯಾನುಯೆಲ್ ರಮಿರೆಜ್ ಅವರ ಹೆಸರು ಮೊಟಕಾಗಿ ರ‍್ಯಾಮ್ ಆಗಿದೆ. 1948ರಲ್ಲಿ ಜಾರ್ಜ್ ಮೈಯರ್ಸ್ ಮತ್ತು ರಾಬರ್ಟ್ ಹ್ಯಾರಿ ಎಂಬ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಆಮೇಲೆ ಕುಲದ ಹೆಸರು ಹಲವು ಸಲ ಬದಲಾಗಿ ಈಗ ಮೈಕ್ರೋಜಿಯೋಫೇಗಸ್ ರಮಿರೆಜಿ ಎಂದು ನಿಂತಿದೆ. ‘ಮಣ್ಣು ತಿನ್ನುವ ಪುಟ್ಟ ಜೀವಿ’ ಎಂಬುದು ಕುಲನಾಮದ ಅರ್ಥ. ತಳದ ಮರಳನ್ನು ಬಾಯಿತುಂಬ ತೆಗೆದುಕೊಂಡು, ಆಹಾರವನ್ನು ಮಾತ್ರ ಉಳಿಸಿಕೊಂಡು, ಉಳಿದದ್ದನ್ನು ಕಿವಿರಿನಿಂದ ಹೊರಬಿಡುವ ಅಭ್ಯಾಸದಿಂದ ಈ ಹೆಸರು.

ಇದರ ತವರು ದಕ್ಷಿಣ ಅಮೆರಿಕ. ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳಲ್ಲಿ ಒರಿನೊಕೊ ನದಿಯ ಅಕ್ಕಪಕ್ಕ ಹರಡಿರುವ ವಿಶಾಲ ಹುಲ್ಲುಗಾವಲಿಗೆ ಲ್ಯಾನೋಸ್ ಎನ್ನುತ್ತಾರೆ. ಅಲ್ಲಿನ ತೊರೆ, ಹಳ್ಳ, ಜೌಗುಗಳ ಬೆಚ್ಚಗಿನ ನೀರಿನಲ್ಲಿ ರ‍್ಯಾಮ್ ಬದುಕುತ್ತದೆ. ಪೂರ್ಣ ಬೆಳೆದರೂ ಐದರಿಂದ ಏಳು ಸೆಂಟಿಮೀಟರು ಮಾತ್ರ. ಆಯಸ್ಸು ಎರಡು-ಮೂರು ವರ್ಷ.

ಸಿಕ್ಲಿಡ್ ಎಂಬುದು ಮೀನುಗಳ ಒಂದು ದೊಡ್ಡ ಕುಟುಂಬ. 1,700ಕ್ಕೂ ಹೆಚ್ಚು ಪ್ರಭೇದಗಳು ಇದರಲ್ಲಿವೆ. ಮಾರುಕಟ್ಟೆಯಲ್ಲಿ ಜಿಲೇಬಿ ಎಂದು ಕರೆಸಿಕೊಳ್ಳುವ ತಿಲಾಪಿಯಾ ಕೂಡ ಇದೇ ಕುಟುಂಬದ್ದು. ಸಿಕ್ಲಿಡ್‌ಗಳ ವೈಶಿಷ್ಟ್ಯ ಮರಿಗಳ ಪಾಲನೆ. ಬಹುಪಾಲು ಮೀನುಗಳು ಮೊಟ್ಟೆ ಇಟ್ಟು ತಮ್ಮ ಪಾಡಿಗೆ ಹೊರಟುಹೋಗುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ, ಮೊಟ್ಟೆಗೂ ಮರಿಗೂ ಕಾವಲು ಕೂರುತ್ತವೆ. ರ‍್ಯಾಮ್‌ನಲ್ಲಂತೂ ಗಂಡು ಹೆಣ್ಣು ಎರಡೂ ಸೇರಿಯೇ ಈ ಕೆಲಸ ಮಾಡುತ್ತವೆ. ಮನೆಯೊಳಗೆ ಕೂತು ಇಂಥ ಸಂಸಾರವೊಂದನ್ನು ನೋಡುವ ಅವಕಾಶ ಸಿಗುವುದರಿಂದಲೇ ಇದು ಮಕ್ಕಳಿಗೆ ಒಳ್ಳೆಯ ಪಾಠಶಾಲೆ. ಆದರೆ ಇದರ ಆರೋಗ್ಯ ನಾಜೂಕು. ಗಪ್ಪಿಯೋ ಮೋಲಿಯೋ ಸಹಿಸಿಕೊಳ್ಳುವ ತಪ್ಪನ್ನು ರ‍್ಯಾಮ್ ಸಹಿಸುವುದಿಲ್ಲ.

ಮೊದಲು ನೀರು, ಆಮೇಲೆ ಮೀನು

ಒಂದು ಜೋಡಿ ರ‍್ಯಾಮ್‌ಗೆ ಎಷ್ಟು ದೊಡ್ಡ ಮನೆ ಬೇಕು? 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ತೊಟ್ಟಿ ಸಾಕು. ಗುಣಿಸಿದರೆ 64,800 ಘನ ಸೆಂಟಿಮೀಟರು, ಅಂದರೆ ಸುಮಾರು 65 ಲೀಟರು. ನೀರು, ಗಾಜು, ಮರಳು ಎಲ್ಲ ಸೇರಿ 80 ಕಿಲೋ ಆಸುಪಾಸಿನ ಭಾರ. ಪುಸ್ತಕದ ಕಪಾಟಿನ ಮೇಲೋ ಟೀಪಾಯಿಯ ಮೇಲೋ ಇಡುವಂಥದ್ದಲ್ಲ ಇದು. ಗಟ್ಟಿಯಾದ ಸ್ಟ್ಯಾಂಡು ಬೇಕು, ಕಿಟಕಿಯ ಬಿಸಿಲು ನೇರ ಬೀಳದ ಜಾಗ ಬೇಕು. ಗುಂಡನೆಯ ಗಾಜಿನ ಬೋಗುಣಿ ಮೇಜಿಗೆ ಚೆಂದ ಕಂಡೀತು, ಮೀನಿಗೆ ಅದು ಸೆರೆಮನೆ.

ತೊಟ್ಟಿ ತಂದು ನೀರು ತುಂಬಿಸಿದ ಮರುದಿನವೇ ಮೀನು ಬಿಡಬಾರದು. ಏಕೆಂದರೆ ಕಣ್ಣಿಗೆ ಕಾಣದ ಒಂದು ವ್ಯವಸ್ಥೆ ಅಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಮೀನು ಉಸಿರಾಡುವಾಗ ಅದರ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ತಿಂದು ಬಿಟ್ಟ ಆಹಾರ, ಮಲ ಕೊಳೆತರೂ ಅಮೋನಿಯಾ. ನದಿಯಲ್ಲಾದರೆ ಅದು ಕೊಚ್ಚಿಕೊಂಡು ಹೋಗುತ್ತದೆ. 65 ಲೀಟರಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಸೇರುತ್ತ ಹೋಗಿ ಕಿವಿರನ್ನು ಸುಡುತ್ತದೆ. ಕಥೆಯ ಹುಡುಗನ ಮೀನು ಮೇಲ್ಮೈಗೆ ಬಂದು ಬಾಯಿ ತೆರೆದದ್ದು ಹಸಿವಿನಿಂದಲ್ಲ, ಉಸಿರು ಕಟ್ಟಿ.

ಪ್ರಕೃತಿ ಇದಕ್ಕೊಂದು ದಾರಿ ಇಟ್ಟಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಬಹಳ ಕಡಿಮೆ. ಒಂದಿಷ್ಟನ್ನು ಗಿಡಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ, ಉಳಿದದ್ದು ನೀರು ಬದಲಾಯಿಸಿದಾಗ ಹೊರಹೋಗುತ್ತದೆ. ವಿಜ್ಞಾನದ ಪಠ್ಯದಲ್ಲಿ ಬಾಣದ ಗುರುತುಗಳ ಚಿತ್ರವಾಗಿ ಕಾಣುವ ಸಾರಜನಕ ಚಕ್ರದ ಒಂದು ತುಂಡೇ ಇದು. ಈ ಉಪಕಾರಿ ಬ್ಯಾಕ್ಟೀರಿಯಾಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಿ ಹೆಚ್ಚಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಬಿಡಬೇಕು. ಪರಿಚಿತರ ಮನೆಯ ಹಳೆಯ, ಆರೋಗ್ಯವಂತ ತೊಟ್ಟಿಯ ಸ್ಪಂಜಿನ ಒಂದು ತುಂಡು ಸಿಕ್ಕರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ಕಿಟ್‌ನಲ್ಲಿ ನೋಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ನೀರು ಸಿದ್ಧವಾಯಿತೆಂದು ಲೆಕ್ಕ.

ಆರು ವಾರ ಬರಿ ನೀರು ನೋಡುತ್ತ ಕೂರುವುದೇ? ಹಠ ಹಿಡಿದ ಮಕ್ಕಳಿಗೆ ಇದು ಕಷ್ಟ. ನಿಜ ಹೇಳಬೇಕೆಂದರೆ ಅಪ್ಪ-ಅಮ್ಮಂದಿರಿಗೂ ಕಷ್ಟವೇ. ಆದರೆ ಕಾಯುವ ಈ ದಿನಗಳು ವ್ಯರ್ಥವಲ್ಲ. ಗಿಡ ನೆಡಬಹುದು, ಚಪ್ಪಟೆ ಕಲ್ಲು ಹುಡುಕಿ ತಂದು ತೊಳೆದಿಡಬಹುದು. ದಿನವೂ ನೀರಿನ ಉಷ್ಣತೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಆಸಕ್ತಿ ಉಳಿದಿದೆಯೋ ಇಲ್ಲವೋ ಎಂಬುದು ಆರು ವಾರದಲ್ಲಿ ತಾನಾಗಿಯೇ ತಿಳಿಯುತ್ತದೆ. ಮೀನು ಬರುವ ಮೊದಲೇ ಅದು ತಿಳಿಯುವುದು ಎಲ್ಲರಿಗೂ ಒಳ್ಳೆಯದು.

ಗಡಸು ನೀರು, ಮೆದು ನೀರು

ರ‍್ಯಾಮ್ ಹುಟ್ಟಿದ ನೀರಿನಲ್ಲಿ ಲವಣಾಂಶ ತೀರ ಕಡಿಮೆ. ಅದು ಮೆದು ನೀರು, ಸ್ವಲ್ಪ ಆಮ್ಲೀಯ ಕೂಡ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಇದಕ್ಕೆ ತೀರ ವಿರುದ್ಧ. ಸಾಬೂನು ಹಚ್ಚಿದರೆ ನೊರೆ ಬಾರದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಕರಾವಳಿ, ಮಲೆನಾಡಿನ ಬಾವಿ ನೀರು ಬಹುಮಟ್ಟಿಗೆ ಮೆದು. ಆದ್ದರಿಂದ ತಮ್ಮ ಮನೆಯ ನೀರು ಎಂಥದ್ದೆಂದು ತಿಳಿದುಕೊಳ್ಳುವುದೇ ಮೊದಲ ಪ್ರಯೋಗ. ಒಂದು ಬಾಟಲಿಯಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಶುದ್ಧ ಮಳೆನೀರು ತೆಗೆದುಕೊಂಡು ಸಮನಾಗಿ ಸಾಬೂನು ಬೆರೆಸಿ ಕುಲುಕಿದರೆ ನೊರೆಯ ಎತ್ತರವೇ ವ್ಯತ್ಯಾಸ ಹೇಳುತ್ತದೆ.

ನೀರು ಗಡಸಾಗಿದ್ದರೆ ಏನು ಮಾಡಬೇಕು? ಮೊದಲೆರಡು ಮಳೆ ಬಿಟ್ಟು ಆಮೇಲೆ ಹಿಡಿದಿಟ್ಟ ಚೊಕ್ಕ ಮಳೆನೀರನ್ನೋ, ಮನೆಯಲ್ಲಿ ಆರ್‌ಓ ಯಂತ್ರವಿದ್ದರೆ ಅದರ ನೀರನ್ನೋ ಬೆರೆಸಬಹುದು. ಹುಳಿ, ಆಸಿಡ್ ಸುರಿದು ಪಿಎಚ್ ಇಳಿಸುವ ಸಾಹಸ ಮಾತ್ರ ಬೇಡ. ಒಂದೇ ದಿನದಲ್ಲಿ ಆಗುವ ಏರುಪೇರು ಗಡಸುತನಕ್ಕಿಂತ ಬೇಗ ಮೀನನ್ನು ಕೊಲ್ಲುತ್ತದೆ. ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದ ರ‍್ಯಾಮ್‌ಗಳು ತಕ್ಕಮಟ್ಟಿನ ಗಡಸುತನಕ್ಕೆ ಹೊಂದಿಕೊಳ್ಳುತ್ತವೆ. ಮೊಟ್ಟೆ ಮರಿಯಾಗಬೇಕೆಂದರೆ ಮಾತ್ರ ಮೆದು ನೀರು ಬೇಕೇಬೇಕು.

ತೊಟ್ಟಿಗೆ ಹಾಕುವ ಮರಳು, ಕಲ್ಲಿನಲ್ಲೂ ಸುಣ್ಣದ ಅಂಶ ಇರಬಾರದು. ಒಂದೆರಡು ತೊಟ್ಟು ವಿನಿಗರ್ ಬಿಟ್ಟಾಗ ಗುಳ್ಳೆ ಎದ್ದರೆ ಆ ಕಲ್ಲು ಬೇಡ. ಹವಳದ ತುಂಡು, ಚಿಪ್ಪು, ಅಮೃತಶಿಲೆಯ ಚೂರು ಇವೆಲ್ಲ ನೀರನ್ನು ಗಡಸು ಮಾಡುತ್ತವೆ. ಮರಳನ್ನು ಬಾಯಲ್ಲಿ ಸೋಸುವ ಮೀನಾದ್ದರಿಂದ ಚೂಪು ಅಂಚಿನ ಬಣ್ಣದ ಕಲ್ಲಿಗಿಂತ ನುಣ್ಣನೆಯ ಹೊಳೆಮರಳೇ ಲೇಸು. ನಲ್ಲಿಯ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಗಾಳಿ ಹಾಯಿಸುತ್ತ ಒಂದು ದಿನ ಬಿಡಬೇಕು, ಇಲ್ಲವೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಬಳಸಬೇಕು.

ಇನ್ನು ಬಿಸಿ. ರ‍್ಯಾಮ್‌ಗೆ 27ರಿಂದ 29 ಡಿಗ್ರಿ ಸೆಲ್ಸಿಯಸ್ ಹಿತ. ಚಳಿಗಾಲದ ರಾತ್ರಿಗಳಲ್ಲಿ ಬೆಂಗಳೂರು, ಹಾಸನ, ಮಡಿಕೇರಿಯಂಥ ಊರುಗಳಲ್ಲಿ ತೊಟ್ಟಿಯ ನೀರು ಇದಕ್ಕಿಂತ ಬಹಳ ಕೆಳಗಿಳಿಯುತ್ತದೆ. ತಣ್ಣಗಾದ ರ‍್ಯಾಮ್ ತಿನ್ನುವುದು ಬಿಡುತ್ತದೆ, ಮೈಮೇಲೆ ರವೆ ಉದುರಿಸಿದಂತೆ ಬಿಳಿಚುಕ್ಕೆ ರೋಗ ಬರುತ್ತದೆ. ಲೀಟರಿಗೆ ಒಂದು ವ್ಯಾಟ್‌ನಂತೆ ಲೆಕ್ಕ ಹಾಕಿ ತಾನಾಗಿ ಆರಿ ಹೊತ್ತುವ ಹೀಟರ್ ಇಡಬೇಕು. ಇಲ್ಲಿ ಹೆತ್ತವರು ಮರೆಯಬಾರದ ಮಾತೊಂದಿದೆ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಹೀಟರ್, ಫಿಲ್ಟರ್ ಎಲ್ಲದರ ಪ್ಲಗ್ ತೆಗೆಯುವುದು ಮಕ್ಕಳಿಗೆ ಅಭ್ಯಾಸವಾಗಲೇಬೇಕು. ರಾತ್ರಿ ಕರೆಂಟು ಹೋದರೆ ತೊಟ್ಟಿಯ ಸುತ್ತ ಹಳೆಯ ಕಂಬಳಿ ಹೊದಿಸಿದರೆ ಒಂದಷ್ಟು ಹೊತ್ತು ಬಿಸಿ ನಿಲ್ಲುತ್ತದೆ.

ಗುರುತು ಹಿಡಿಯುವುದು ಹೇಗೆ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಗಂಡು ಯಾವುದು, ಹೆಣ್ಣು ಯಾವುದು? ಇದು ಬರಿ ಕುತೂಹಲದ ಪ್ರಶ್ನೆಯಲ್ಲ. ಎರಡಡಿಯ ತೊಟ್ಟಿಯಲ್ಲಿ ಎರಡು ಗಂಡು ಸೇರಿದರೆ ಜಾಗಕ್ಕಾಗಿ ಕಾದಾಟ ನಡೆಯುತ್ತದೆ. ಸೋತದ್ದು ಮೂಲೆ ಸೇರಿ, ಬಣ್ಣಗೆಟ್ಟು, ಕೊರಗಿ ಸಾಯುತ್ತದೆ. ಎರಡೂ ಹೆಣ್ಣಾದರೆ ಮೊಟ್ಟೆ ಇಟ್ಟೇನೋ ಇಡುತ್ತವೆ, ಅವು ಮರಿಯಾಗುವುದಿಲ್ಲ.

ಮೊದಲ ಗುರುತು ಬೆನ್ನಿನ ರೆಕ್ಕೆ. ಅದರ ಮುಂಭಾಗದಲ್ಲಿ ಮುಳ್ಳಿನಂಥ ಕಡ್ಡಿಗಳಿರುತ್ತವೆ. ಬೆಳೆದ ಗಂಡಿನಲ್ಲಿ ಎರಡನೆಯ, ಮೂರನೆಯ ಕಡ್ಡಿಗಳು ಕಪ್ಪಾಗಿ, ಉಳಿದವುಗಳಿಗಿಂತ ಎತ್ತರಕ್ಕೆ ತುರಾಯಿಯಂತೆ ನಿಲ್ಲುತ್ತವೆ. ಹೆಣ್ಣಿನಲ್ಲಿ ಅವು ಗಿಡ್ಡ.

ಎರಡನೆಯದು ಹೊಟ್ಟೆಯ ಬಣ್ಣ. ಹೆಣ್ಣಿನ ಹೊಟ್ಟೆಯ ಪಕ್ಕ ಕುಂಕುಮ ಸವರಿದಂತೆ ಗುಲಾಬಿ ಛಾಯೆ ಇರುತ್ತದೆ. ಮೊಟ್ಟೆ ಇಡುವ ಕಾಲ ಹತ್ತಿರವಾದಷ್ಟೂ ಅದು ಗಾಢವಾಗುತ್ತದೆ.

ಮೂರನೆಯ ಗುರುತಿಗೆ ಕಣ್ಣು ಚುರುಕಾಗಿರಬೇಕು. ಎರಡರ ಮೈಯ ಪಕ್ಕದಲ್ಲೂ ಒಂದು ಕಪ್ಪು ಮಚ್ಚೆ ಇದೆ. ಹೆಣ್ಣಿನ ಮಚ್ಚೆಯ ಒಳಗೂ ನೀಲಿಯಾಗಿ ಹೊಳೆಯುವ ಹುರುಪೆಗಳು ಇರುತ್ತವೆ. ಗಂಡಿನ ಮಚ್ಚೆ ಸಾಮಾನ್ಯವಾಗಿ ಅಚ್ಚ ಕಪ್ಪು, ನೀಲಿ ಏನಿದ್ದರೂ ಅದರ ಸುತ್ತ.

ನಾಲ್ಕನೆಯದು ಆಕಾರ. ಗಂಡು ಸ್ವಲ್ಪ ದೊಡ್ಡದು, ಹೆಣ್ಣು ಚಿಕ್ಕದು, ತುಸು ದುಂಡು. ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಮೂರು ತಿಂಗಳ ಗಂಡಿನ ಪಕ್ಕ ಆರು ತಿಂಗಳ ಹೆಣ್ಣನ್ನು ಇಟ್ಟರೆ ದೊಡ್ಡದು ಯಾವುದು? ಐದನೆಯ ಗುರುತು ಹೆಚ್ಚು ಖಚಿತ, ಆದರೆ ಸದಾ ಕಾಣುವಂಥದ್ದಲ್ಲ. ಮೊಟ್ಟೆ ಇಡುವ ಒಂದೆರಡು ದಿನ ಮೊದಲು ಹೊಟ್ಟೆಯ ಕೆಳಗೆ ಪುಟ್ಟ ನಳಿಕೆಯೊಂದು ಹೊರಬರುತ್ತದೆ. ಗಂಡಿನದು ಸಣ್ಣಗೆ ಚೂಪಾಗಿ, ಹೆಣ್ಣಿನದು ದಪ್ಪಗೆ ಮೊಂಡಾಗಿ ಇರುತ್ತದೆ.

ಇವುಗಳಲ್ಲಿ ಯಾವ ಒಂದನ್ನೂ ಒಂಟಿಯಾಗಿ ನಂಬಬಾರದು. ಮಚ್ಚೆಯೊಳಗೆ ನೀಲಿ ಇರುವ ಗಂಡೂ ಉಂಟು, ಉದ್ದ ಕಡ್ಡಿಯ ಹೆಣ್ಣೂ ಉಂಟು. ಮೂರು ಸೆಂಟಿಮೀಟರಿಗಿಂತ ಚಿಕ್ಕ ಮರಿಗಳಲ್ಲಿ ಯಾವ ಗುರುತೂ ಮೂಡಿರುವುದಿಲ್ಲ. ಮನುಷ್ಯರು ಆರಿಸಿ ಆರಿಸಿ ಬೆಳೆಸಿದ ಚಿನ್ನದ ಬಣ್ಣದ, ಪೂರ್ತಿ ನೀಲಿಯ ತಳಿಗಳಲ್ಲಿ ಮಚ್ಚೆಯೇ ಇರುವುದಿಲ್ಲ ಅಥವಾ ಮಸುಕಾಗಿರುತ್ತದೆ. ಮೂರು ಗುರುತು ಒಂದೇ ಕಡೆ ಬೆರಳು ತೋರಿದರೆ ಮಾತ್ರ ತೀರ್ಮಾನಕ್ಕೆ ಬರಬಹುದು. ಒಂದು ಸಾಕ್ಷ್ಯ ಸಾಲದು, ಹಲವು ಕೂಡಬೇಕು ಎಂಬ ವಿಜ್ಞಾನದ ಮೊದಲ ಪಾಠವನ್ನು ಇಷ್ಟು ಸುಲಭವಾಗಿ ಕಲಿಸುವ ಪ್ರಯೋಗಾಲಯ ಇನ್ನೆಲ್ಲಿ ಸಿಕ್ಕೀತು?

ಅಂಗಡಿಯಲ್ಲಿ ಅರ್ಧ ಗಂಟೆ

ಮೀನು ಕೊಳ್ಳುವ ದಿನ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡುವ ತಾಳ್ಮೆ ಬೇಕು. ಹತ್ತಾರು ರ‍್ಯಾಮ್‌ಗಳ ನಡುವೆ ಎರಡು ಮಾತ್ರ ಜೊತೆಜೊತೆಯಾಗಿ ಸುತ್ತುತ್ತ, ಹತ್ತಿರ ಬಂದ ಮಿಕ್ಕವನ್ನು ಅಟ್ಟುತ್ತಿದ್ದರೆ ಅವು ತಾವಾಗಿಯೇ ಕೂಡಿದ ಜೋಡಿ. ಅಂಥವನ್ನು ಆರಿಸುವುದು ಎಲ್ಲ ಗುರುತಿಗಿಂತ ಮಿಗಿಲು. ರೆಕ್ಕೆ ಅರಳಿರಬೇಕು, ಹೊಟ್ಟೆ ಒಳಸರಿದಿರಬಾರದು, ಉಸಿರಾಟ ಏದುಸಿರಾಗಿರಬಾರದು, ಆಹಾರ ಹಾಕಿದರೆ ಮುನ್ನುಗ್ಗಬೇಕು. ಅದೇ ತೊಟ್ಟಿಯಲ್ಲಿ ಸತ್ತ ಮೀನು ತೇಲುತ್ತಿದ್ದರೆ ಅಂದು ಬರಿಗೈಯಲ್ಲಿ ವಾಪಸಾಗುವುದೇ ಜಾಣತನ.

ತೀರ ಚಿಕ್ಕ ಮೀನು ತೀರ ಝಗಝಗಿಸುತ್ತಿದ್ದರೂ ಅನುಮಾನಿಸಬೇಕು. ಎಳೆಯ ಮೀನುಗಳಿಗೆ ಗಂಡು ಹಾರ್ಮೋನು ಬೆರೆಸಿದ ಆಹಾರ ತಿನ್ನಿಸಿ ಬೇಗ ಬಣ್ಣ ಬರಿಸುವ ಪದ್ಧತಿ ಬಣ್ಣದ ಮೀನಿನ ವ್ಯಾಪಾರದಲ್ಲಿದೆ. ಅಂಥ ಹೆಣ್ಣೂ ಗಂಡಿನಂತೆಯೇ ಕಾಣುತ್ತದೆ. ಮನೆಗೆ ಬಂದ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ. ಎಷ್ಟೋ ಸಲ ಅವು ಮರಿ ಮಾಡುವ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ. ಸಹಜ ಬಣ್ಣದ, ಚಟುವಟಿಕೆಯ, ಮಧ್ಯಮ ಗಾತ್ರದ ಮೀನೇ ಒಳ್ಳೆಯ ಆಯ್ಕೆ.

ಮನೆಗೆ ತಂದ ಚೀಲವನ್ನು ಬಿಚ್ಚದೆ ಹದಿನೈದು-ಇಪ್ಪತ್ತು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಬಿಡಬೇಕು. ಆಮೇಲೆ ಬಾಯಿ ತೆರೆದು ತೊಟ್ಟಿಯ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ, ಕೊನೆಗೆ ಮೀನನ್ನು ಮಾತ್ರ ಮೆಲ್ಲನೆ ಬಿಡಬೇಕು. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ, ಹೊಸ ನೀರೂ ಅಷ್ಟೇ ಬೆಚ್ಚಗಿರಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಬಲಿಯಾಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯಬೇಕು. ಆ ನೀರು ತುಳಸಿ, ಗುಲಾಬಿ ಕುಂಡಗಳಿಗೆ ಒಳ್ಳೆಯ ಗೊಬ್ಬರ.

ಸಂಸಾರದ ಏಳುಬೀಳು

ಎಲ್ಲ ಹೊಂದಿಕೊಂಡರೆ ಒಂದು ದಿನ ಜೋಡಿ ಚಪ್ಪಟೆ ಕಲ್ಲೊಂದನ್ನು ಆರಿಸಿ ಬಾಯಿಂದ ತಿಕ್ಕಿ ತೊಳೆಯತೊಡಗುತ್ತದೆ. ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋದಂತೆ ಗಂಡು ಹಿಂದೆಯೇ ಬಂದು ಫಲಿತಗೊಳಿಸುತ್ತದೆ. ಒಂದು ಸಲಕ್ಕೆ 150ರಿಂದ 300 ಮೊಟ್ಟೆ. ಎರಡೂ ಸರದಿಯಲ್ಲಿ ರೆಕ್ಕೆ ಬೀಸಿ ಹೊಸ ನೀರು ಹಾಯಿಸುತ್ತವೆ, ಬೂಷ್ಟು ಹಿಡಿದ ಮೊಟ್ಟೆ ಹೆಕ್ಕಿ ತೆಗೆಯುತ್ತವೆ. ಎರಡು-ಮೂರು ದಿನಕ್ಕೆ ಮೊಟ್ಟೆಯೊಡೆದ ಮರಿಗಳನ್ನು ಬಾಯಲ್ಲಿ ಎತ್ತಿ ಮರಳಿನ ಗುಳಿಗೆ ಸಾಗಿಸುತ್ತವೆ. ಇನ್ನೂ ನಾಲ್ಕೈದು ದಿನ ಕಳೆದರೆ ಮರಿಗಳು ಈಜತೊಡಗುತ್ತವೆ. ಧೂಳಿನ ಮೋಡದಂಥ ಆ ಹಿಂಡನ್ನು ಅಪ್ಪ-ಅಮ್ಮ ಇಬ್ಬದಿಯಲ್ಲಿ ನಿಂತು ನಡೆಸಿಕೊಂಡು ಹೋಗುವ ದೃಶ್ಯ ನೋಡಿದ ಮಗು ಅದನ್ನು ಸುಲಭದಲ್ಲಿ ಮರೆಯದು. ಮರಿಗಳ ಮೊದಲ ಊಟಕ್ಕೆ ಆಗ ತಾನೆ ಹುಟ್ಟಿಸಿದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮ ಸಿಗಡಿಯ ಮರಿ ಬೇಕು.

ಆದರೆ ಮೊದಲ ಸಲವೇ ಹೀಗಾಗುವುದು ಅಪರೂಪ. ಅನುಭವವಿಲ್ಲದ ಜೋಡಿ ಒಂದೆರಡು ದಿನ ಕಾದು, ಬೆಳಗಾಗುವಷ್ಟರಲ್ಲಿ ತನ್ನ ಮೊಟ್ಟೆಯನ್ನೇ ತಿಂದುಹಾಕಿರುತ್ತದೆ. ‘ಥೂ, ಎಂಥ ಅಮ್ಮ!’ ಎಂದು ಮಕ್ಕಳು ಮುಖ ಸಿಂಡರಿಸುತ್ತಾರೆ. ಮೀನಿಗೆ ಅದು ಪಾಪವಲ್ಲ. ಹೆದರಿಕೆಯಾದಾಗ, ಮೊಟ್ಟೆ ಕೆಟ್ಟಾಗ ಆ ಪೌಷ್ಟಿಕಾಂಶವನ್ನು ವ್ಯರ್ಥ ಮಾಡದಿರುವುದು ಅದರ ಸ್ವಭಾವ. ಗಾಜು ಬಡಿಯದೆ, ಪದೇ ಪದೇ ಕೈ ಹಾಕದೆ ಬಿಟ್ಟರೆ ಎರಡನೆಯ, ಮೂರನೆಯ ಸಲ ಅವೂ ಕಲಿಯುವುದುಂಟು.

ನಮ್ಮ ಹೊಳೆಯ ನೆಂಟರು

ಸಿಕ್ಲಿಡ್ ಎಂದರೆ ದೂರದೇಶದ್ದೇ ಎಂದುಕೊಳ್ಳಬೇಕಿಲ್ಲ. ಭಾರತಕ್ಕೆ ಸಹಜವಾದ ಮೂರು ಪ್ರಭೇದಗಳಿವೆ. ಕೇರಳದ ರಾಜ್ಯ ಮೀನಾದ ಕರಿಮೀನ್ ಒಂದು. ದಕ್ಷಿಣ ಭಾರತ, ಶ್ರೀಲಂಕಾಗಳ ಹಿನ್ನೀರಿನಲ್ಲೂ ಸಿಹಿನೀರಿನಲ್ಲೂ ಸಿಗುವ ಕಿತ್ತಳೆ ಬಣ್ಣದ ಪುಟ್ಟ ಆರೆಂಜ್ ಕ್ರೊಮೈಡ್ ಇನ್ನೊಂದು. ಇದರ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ಮೆಲ್ಲನೆ ಕಚ್ಚಿ ತಿನ್ನುತ್ತವೆ. ಗಡಸು ನೀರನ್ನು ಇದು ರ‍್ಯಾಮ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಕೊಳವೆಬಾವಿ ನೀರಿನ ಮನೆಗಳಿಗೆ, ಸಾಕಿ ಬೆಳೆಸಿದ್ದು ಸಿಕ್ಕರೆ, ಇದೇ ಹೆಚ್ಚು ಒಪ್ಪುವ ಮೀನು. ಗಂಡು-ಹೆಣ್ಣು ಗುರುತಿಸುವುದು ಮಾತ್ರ ಪಳಗಿದವರಿಗೂ ಕಷ್ಟ!

ಮೂರನೆಯದು ನಮ್ಮದೇ ದಕ್ಷಿಣ ಕನ್ನಡದ್ದು. ಫ್ರಾನ್ಸಿಸ್ ಡೇ 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟ ಈ ಮೀನು ನೇತ್ರಾವತಿ, ಕುಮಾರಧಾರೆಯಂಥ ಅಲ್ಲಿನ ಹೊಳೆಗಳನ್ನು ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಸಹಜವಾಗಿ ಇಲ್ಲ. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಜೀವಿಯಾಗಿ ದಾಖಲಾಗಿರುವ ಇದನ್ನು ಹೊಳೆಯಿಂದ ಹಿಡಿದು ತೊಟ್ಟಿ ತುಂಬಿಸುವುದು ಸಲ್ಲದು. ಇಂಥ ವಿಷಯಗಳನ್ನು ಮುಂದೆ ಆಳವಾಗಿ ಓದಬಯಸುವ ವಿದ್ಯಾರ್ಥಿಗಳಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವಿದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಎಚ್ಚರಿಕೆ. ಸಾಕಲಾರದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವವರಿದ್ದಾರೆ. ಅದು ದಯೆಯಲ್ಲ. ಆಹಾರಕ್ಕೆಂದು 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೆರೆಕಟ್ಟೆಗಳಲ್ಲಿ ಬೇಕಾಬಿಟ್ಟಿ ಹೆಚ್ಚಿ ಸ್ಥಳೀಯ ಮೀನುಗಳ ಅನ್ನ ಕಸಿದದ್ದು ಕಣ್ಣೆದುರಿಗಿದೆ. ಬೇಡವಾದ ಮೀನನ್ನು ಅಂಗಡಿಗೋ ಸಾಕಬಲ್ಲ ಗೆಳೆಯರಿಗೋ ಕೊಡಬೇಕು. ನೂರಾರು ಮರಿಗಳಾದರೆ ಎಲ್ಲಿಗೆ ಎಂಬುದನ್ನು ಮೊಟ್ಟೆ ಇಡುವ ಮೊದಲೇ ಯೋಚಿಸಬೇಕು.

ಮತ್ತೊಂದು ಭಾನುವಾರ

ರ‍್ಯಾಮ್ ಸಾಕಲು ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಒಂದು ಗಂಟೆ ಸಾಕು. ಓದಿಗೆ ಇದರಿಂದ ತೊಂದರೆಯಿಲ್ಲ. ಆದರೆ ಪರೀಕ್ಷೆ ಬಂತೆಂದು, ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೊರಟೆವೆಂದು ಆ ಹತ್ತು ನಿಮಿಷ ತಪ್ಪುವಂತಿಲ್ಲ. ಮಗು ಮರೆತ ದಿನ ನೆನಪಿಸುವುದು ಹೆತ್ತವರ ಕೆಲಸ, ಮಗುವಿನ ಬದಲು ತಾವೇ ಮಾಡಿಬಿಡುವುದಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಈ ಮೀನು ಎರಡು-ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಕಡಿಮೆ. ಏಳನೆಯ ತರಗತಿಯಲ್ಲಿ ತಂದದ್ದು ಎಸ್ಸೆಸ್ಸೆಲ್ಸಿ ಹೊತ್ತಿಗೆ ಇರಲಾರದು. ಬದುಕಿನ ಅಳತೆಗೆ ತಕ್ಕಂತೆ ಬಾಳಿ ಹೋಗುವುದು ಬೇರೆ, ಒಂದೇ ವಾರದಲ್ಲಿ ನಮ್ಮ ಆತುರಕ್ಕೆ ಬಲಿಯಾಗುವುದು ಬೇರೆ. ಈ ವ್ಯತ್ಯಾಸ ತಿಳಿದ ಮಗು ಎರಡನೆಯ ಸಲ ಅತ್ತರೂ ಕುಗ್ಗುವುದಿಲ್ಲ.

ಆ ಹುಡುಗನ ತೊಟ್ಟಿ ಅಟ್ಟ ಸೇರಲಿಲ್ಲ. ಬಣ್ಣದ ಕಲ್ಲು ಹೋಗಿ ಹೊಳೆಮರಳು ಬಂತು, ಮೂಲೆಯಲ್ಲಿ ಗಿಡ ಬೇರು ಬಿಟ್ಟಿತು. ನೋಟ್‌ಬುಕ್ಕಿನಲ್ಲಿ ಆರು ವಾರದ ಲೆಕ್ಕ ತುಂಬಿತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಷ್ಣತೆ 28. ಮತ್ತೊಂದು ಭಾನುವಾರ ಅಪ್ಪ-ಮಗ ಅದೇ ಅಂಗಡಿಗೆ ಹೋದರು. ಹುಡುಗ ಈ ಸಲ ಕೈ ಜಗ್ಗಲಿಲ್ಲ, ಹಠ ಮಾಡಲಿಲ್ಲ. ಗಾಜಿಗೆ ಮೂಗು ತಾಗಿಸಿ ಅರ್ಧ ಗಂಟೆ ನಿಂತ. ಕೊನೆಗೆ ಬಲೆ ಹಿಡಿದು ಬಂದ ಅಂಗಡಿಯವನಿಗೆ ಅವನೇ ಬೆರಳು ತೋರಿಸಿ ಹೇಳಿದ: ‘ಅದಲ್ಲ ಅಣ್ಣಾ, ಅದರ ಪಕ್ಕದ್ದು. ಕಪ್ಪು ಮಚ್ಚೆಯ ಒಳಗೂ ನೀಲಿ ಇದೆ ನೋಡಿ, ಹೊಟ್ಟೆ ಕೆಂಪಗಿದೆ. ಅದು ಹೆಣ್ಣು.’